ಒಗ್ಗದ ವಸ್ತುಗಳು: ಅಲರ್ಜಿ ಬರುವುದು ಏಕೆ, ಹೇಗೆ?



ಮನೆಯಲ್ಲಿ ಒಣಮೆಣಸಿನಕಾಯಿ ಹುರಿಯುವಾಗ ನೀವು ಪಡಸಾಲೆಯಲ್ಲಿ ಕುಳಿತಿದ್ದರೂ ಸೀನು ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಅಜ್ಜಿಯೂ ಸೀನುತ್ತಾರೆ, ತಮ್ಮನೂ ಸೀನುತ್ತಾನೆ, ಬಾಗಿಲಿಗೆ ಬಂದ ನೆರೆಯವರೂ ಸೀನುತ್ತಾರೆ. ಇದು ಅಲರ್ಜಿಯೇ? ಅಲ್ಲ. ಇದು ಘಾಟು. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ರಾಸಾಯನಿಕವು ಮೂಗು ಮತ್ತು ಗಂಟಲಿನ ನರಗಳನ್ನು ನೇರವಾಗಿ ಕೆರಳಿಸುತ್ತದೆ. ಅದರ ಮುಂದೆ ಎಲ್ಲರೂ ಒಂದೇ. ಆದರೆ ಅದೇ ಮನೆಯಲ್ಲಿ ಎಲ್ಲರೂ ಒಂದೇ ಕಟ್ಟೆಯ ಮೇಲೆ ಕುಳಿತು ಬೆಳಗಿನ ಗಾಳಿ ಸೇವಿಸುತ್ತಿರುವಾಗ ಒಬ್ಬಳಿಗೆ ಮಾತ್ರ ಒಂದರ ಹಿಂದೊಂದು ಹತ್ತು ಸೀನು ಬಂದು, ಮೂಗು ಸೋರಿ, ಕಣ್ಣು ಕೆಂಪಾದರೆ, ಆಗ ಅಲರ್ಜಿಯ ಮಾತು ಬರುತ್ತದೆ. ಬಹುಜನರಿಗೆ ಏನೂ ಮಾಡದ ವಸ್ತುವನ್ನು ಒಬ್ಬರ ದೇಹವು ಶತ್ರುವೆಂದು ಭಾವಿಸಿ ಅದರ ಮೇಲೆ ಯುದ್ಧ ಹೂಡುವುದೇ ಅಲರ್ಜಿ. ನಮ್ಮ ಭಾಗದ ಜನ ಇದಕ್ಕೆ ಹಿಂದಿನಿಂದಲೂ ಒಂದು ಸರಳ ಮಾತು ಬಳಸುತ್ತಾರೆ: “ನಂಗ ಅದು ಆಗಿ ಬರಂಗಿಲ್ರಿ.” ಪುಸ್ತಕದ ಕನ್ನಡದಲ್ಲಿ ಒಗ್ಗದಿಕೆ ಎನ್ನುತ್ತಾರೆ.

ಈ ವ್ಯತ್ಯಾಸವನ್ನು ಮೊದಲೇ ಹೇಳಲು ಕಾರಣವಿದೆ. ಯಾದಗಿರಿ, ಶಹಾಪುರ, ಸುರಪುರದ ಕಡೆಯ ಹೊಲಗಳಲ್ಲಿ ಹತ್ತಿ, ಮೆಣಸಿನಕಾಯಿ ಬೆಳೆಗೆ ಔಷಧಿ ಹೊಡೆದು ಬಂದವರಿಗೆ ಮೈ ಉರಿದರೆ, ತಲೆ ತಿರುಗಿದರೆ “ಔಷಧಿ ಅಲರ್ಜಿ ಆಗೈತಿ” ಎಂದು ಮನೆಯಲ್ಲೇ ಒಂದು ಗುಳಿಗೆ ಕೊಟ್ಟು ಮಲಗಿಸುವುದುಂಟು. ಕೀಟನಾಶಕ ಸಿಂಪಡಿಸಿದ ಮೇಲೆ ವಾಂತಿ, ಬಾಯಲ್ಲಿ ಜೊಲ್ಲು, ವಿಪರೀತ ಬೆವರು, ಕಣ್ಣು ಮಂಜಾಗುವುದು, ಉಸಿರಿಗೆ ಕಷ್ಟ ಇವು ಕಂಡರೆ ಅದು ಅಲರ್ಜಿಯಲ್ಲ, ವಿಷಬಾಧೆ. ಬಟ್ಟೆ ಬದಲಿಸಿ, ಮೈಯನ್ನು ಸೋಪು ನೀರಿನಿಂದ ತೊಳೆದು, ಔಷಧಿಯ ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹೆಸರು ತಪ್ಪಾದರೆ ಚಿಕಿತ್ಸೆಯೂ ತಪ್ಪುತ್ತದೆ.

ಹಾಗೆಯೇ ಜಿನ್ನಿಂಗ್ ಮಿಲ್ಲುಗಳಲ್ಲಿ ಹತ್ತಿಯ ಧೂಳಿನಲ್ಲಿ ವರ್ಷಗಟ್ಟಲೆ ದುಡಿಯುವವರಿಗೆ ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನವೇ ಎದೆ ಬಿಗಿಯುವುದುಂಟು. ಬಿಸಿನೋಸಿಸ್ ಎಂಬ ಈ ಕಾಯಿಲೆಗೆ ಹತ್ತಿಯ ಧೂಳಿನ ಜೊತೆ ಬರುವ ಬ್ಯಾಕ್ಟೀರಿಯಾಗಳ ವಿಷವಸ್ತು ಮುಖ್ಯ ಕಾರಣವೆಂದು ತಿಳಿದುಬಂದಿದೆ. ಅದೂ ಕಟ್ಟುನಿಟ್ಟಾದ ಅರ್ಥದಲ್ಲಿ ಅಲರ್ಜಿಯಲ್ಲ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುವ ದೊಡ್ಡವರಲ್ಲಿ ಹೆಚ್ಚಿನವರಿಗೆ ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಕಡಿಮೆ ಇರುತ್ತದೆ, ಅಷ್ಟೇ. ಅವರು ಮೊಸರು, ಮಜ್ಜಿಗೆಯನ್ನು ಸಾಮಾನ್ಯವಾಗಿ ತಡೆದುಕೊಳ್ಳುತ್ತಾರೆ. ಹಾಲಿನ ಪ್ರೊಟೀನಿಗೆ ನಿಜವಾದ ಅಲರ್ಜಿ ಇರುವ ಮಗುವಿಗೆ ಒಂದು ಚಮಚ ಹಾಲೂ ಅಪಾಯ ತರಬಹುದು.

ದೇಹದೊಳಗೆ ನಡೆಯುವುದೇನು?

ಅಲರ್ಜಿ ಎಂಬ ಪದಕ್ಕೆ ಇನ್ನೂ ನೂರಿಪ್ಪತ್ತು ವರ್ಷವಷ್ಟೇ ವಯಸ್ಸು. 1906ರಲ್ಲಿ ವಿಯೆನ್ನಾ ನಗರದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಇದನ್ನು ಗ್ರೀಕ್ ಮೂಲಗಳಿಂದ ಕಟ್ಟಿದರು. ಬೇರೆ ಬಗೆಯ ಪ್ರತಿಕ್ರಿಯೆ ಎಂಬುದು ಅದರ ಸ್ಥೂಲ ಅರ್ಥ. ಆಗ ಗಂಟಲುಮಾರಿ ರೋಗಕ್ಕೆ ಕುದುರೆಯ ರಕ್ತದಿಂದ ತಯಾರಿಸಿದ ಸೀರಂ ಚುಚ್ಚುತ್ತಿದ್ದರು. ಮೊದಲ ಸಲ ಚುಚ್ಚಿದಾಗ ಕೆಲವು ಮಕ್ಕಳಿಗೆ ವಾರ ಹತ್ತು ದಿನ ಕಳೆದ ಮೇಲೆ ಜ್ವರ, ಗಾದರಿ, ಕೀಲುನೋವು ಬರುತ್ತಿತ್ತು. ಎರಡನೆಯ ಸಲ ಚುಚ್ಚಿದರೆ ಅವೇ ಲಕ್ಷಣಗಳು ಬೇಗನೆ, ಜೋರಾಗಿ ಬರುತ್ತಿದ್ದುವು. ದೇಹವು ಮೊದಲ ಭೇಟಿಯನ್ನು ನೆನಪಿಟ್ಟುಕೊಂಡಿದೆ ಎಂದು ಪಿರ್ಕೆ ಊಹಿಸಿದರು. ಅಲರ್ಜಿಯ ತಿರುಳು ಇದೇ ನೆನಪು. ಆದ್ದರಿಂದಲೇ “ಇಷ್ಟು ವರ್ಷ ತಿಂದದ್ದು ಈಗೇಕೆ ಆಗುವುದಿಲ್ಲ?” ಎಂಬ ಪ್ರಶ್ನೆಗೆ ಅರ್ಥವಿಲ್ಲ. ಮೊದಲು ಭೇಟಿಯಾಗದ ವಸ್ತುವಿಗೆ ಅಲರ್ಜಿ ಬರುವುದಿಲ್ಲ. ಮೊದಲ ಕೆಲವು ಭೇಟಿಗಳು ಸದ್ದಿಲ್ಲದೆ ನಡೆದುಹೋಗಿರುತ್ತವೆ.

ಈ ನೆನಪು ರಕ್ತದಲ್ಲಿಯೇ ಇದೆ ಎಂದು ತೋರಿಸಿದ ಪ್ರಯೋಗ ಕೇಳಲು ವಿಚಿತ್ರ. ಜರ್ಮನಿಯ ಕ್ಯೂಸ್ಟ್ನರ್ ಎಂಬ ವೈದ್ಯರಿಗೆ ಮೀನು ತಿಂದರೆ ಆಗುತ್ತಿರಲಿಲ್ಲ. ಅವರ ಸಹೋದ್ಯೋಗಿ ಪ್ರೌಸ್ನಿಟ್ಸ್ ಅವರಿಗೆ ಮೀನಿನಿಂದ ಏನೂ ತೊಂದರೆ ಇರಲಿಲ್ಲ. ಪ್ರೌಸ್ನಿಟ್ಸ್ ತಮ್ಮ ಸ್ನೇಹಿತನ ರಕ್ತದ ಸೀರಮನ್ನು ತಮ್ಮದೇ ಚರ್ಮದೊಳಗೆ ಚುಚ್ಚಿಸಿಕೊಂಡು, ಮಾರನೆಯ ದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದರು. ಆ ಜಾಗ ಮಾತ್ರ ಕೆಂಪಾಗಿ ಊದಿಕೊಂಡಿತು. 1921ರಲ್ಲಿ ಇದು ಪ್ರಕಟವಾಯಿತು. ಸೀರಮಿನಲ್ಲಿದ್ದ ಆ ಅಜ್ಞಾತ ವಸ್ತು ಯಾವುದೆಂದು ತಿಳಿಯಲು ಇನ್ನೂ 45 ವರ್ಷ ಬೇಕಾಯಿತು. 1966ರಲ್ಲಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ಇಶಿಝಾಕಾ ದಂಪತಿಗಳೂ, ಅದೇ ಸುಮಾರಿಗೆ ಸ್ವೀಡನ್ನಿನ ಜೊಹಾನ್ಸನ್ ಮತ್ತು ಬೆನಿಚ್ ಅವರೂ ಅದನ್ನು ಬೇರೆ ಬೇರೆಯಾಗಿ ಪತ್ತೆ ಮಾಡಿದರು. ಅದೇ ಇಮ್ಯುನೊಗ್ಲಾಬ್ಯುಲಿನ್-ಇ. ವೈದ್ಯರು ಚುಟುಕಾಗಿ ಐಜಿಇ ಎನ್ನುತ್ತಾರೆ.

ಅದರ ಕೆಲಸವನ್ನು ಹೀಗೆ ಕಲ್ಪಿಸಿಕೊಳ್ಳಿ. ಮೂಗು, ಶ್ವಾಸನಾಳ, ಕರುಳು, ಚರ್ಮ ಇವುಗಳ ಒಳಪದರದಲ್ಲಿ ಮಾಸ್ಟ್ ಕೋಶಗಳೆಂಬ ಕಾವಲುಗಾರರಿದ್ದಾರೆ. ಪ್ರತಿಯೊಂದು ಕೋಶದೊಳಗೂ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಚೀಲ ಚೀಲವಾಗಿ ತುಂಬಿರುತ್ತವೆ. ಒಂದು ವಸ್ತುವಿನ ವಿರುದ್ಧ ತಯಾರಾದ ಐಜಿಇ ಅಣುಗಳು ಈ ಕೋಶಗಳ ಹೊರಮೈಗೆ ಅಂಟಿಕೊಂಡು ಕಾಯುತ್ತಿರುತ್ತವೆ. ಅದೇ ವಸ್ತು ಮತ್ತೆ ಬಂದು ಅಕ್ಕಪಕ್ಕದ ಎರಡು ಐಜಿಇಗಳಿಗೆ ಒಟ್ಟಿಗೆ ತಗುಲಿದರೆ ಸಾಕು, ಚೀಲಗಳು ಬಿಚ್ಚಿಕೊಳ್ಳುತ್ತವೆ. ಹಿಸ್ಟಮಿನ್ ರಕ್ತನಾಳಗಳನ್ನು ಹಿಗ್ಗಿಸಿ ಸೋರುವಂತೆ ಮಾಡುತ್ತದೆ. ಮೂಗಿನಲ್ಲಿ ಹೀಗಾದರೆ ಸೀನು, ಸೋರಿಕೆ. ಚರ್ಮದಲ್ಲಾದರೆ ಕಡಿತ, ಪಿತ್ತದ ಗಂಧೆ. ಶ್ವಾಸನಾಳದ ಸ್ನಾಯು ಬಿಗಿದರೆ ಉಬ್ಬಸ, ಅಂದರೆ ನಮ್ಮ ಊರುಗಳಲ್ಲಿ ದಮ್ಮು ಎನ್ನುವುದು. ಇಷ್ಟೆಲ್ಲ ಕೆಲವೇ ನಿಮಿಷಗಳಲ್ಲಿ ನಡೆಯುತ್ತದೆ.

ಐಜಿಇ ದೇಹದಲ್ಲಿ ಏಕಾದರೂ ಇದೆ ಎಂದು ನೀವು ಕೇಳಬಹುದು. ಹೊಟ್ಟೆಯ ಜಂತುಹುಳು ಮೊದಲಾದ ಪರೋಪಜೀವಿಗಳನ್ನು ಹೊರಗಟ್ಟಲು ಎಂಬುದು ವಿಜ್ಞಾನಿಗಳಲ್ಲಿ ಹೆಚ್ಚಿನವರು ಒಪ್ಪುವ ಉತ್ತರ. ಇದಕ್ಕೆ ತಕ್ಕಂತೆ ಇನ್ನೊಂದು ವಿಚಾರವೂ ಇದೆ. 1989ರಲ್ಲಿ ಬ್ರಿಟನ್ನಿನ ಡೇವಿಡ್ ಸ್ಟ್ರಾಚನ್ ಹದಿನೇಳು ಸಾವಿರಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಪರಿಶೀಲಿಸಿ, ಅಣ್ಣ ಅಕ್ಕಂದಿರು ಹೆಚ್ಚಿರುವ ಮಕ್ಕಳಲ್ಲಿ ಪರಾಗದ ಅಲರ್ಜಿ ಕಡಿಮೆ ಎಂದು ತೋರಿಸಿದರು. ಮಣ್ಣು, ದನಕರು, ಸೂಕ್ಷ್ಮಜೀವಿಗಳ ನಡುವೆ ಬೆಳೆದ ಮಕ್ಕಳ ರೋಗನಿರೋಧಕ ವ್ಯವಸ್ಥೆ ಯಾವುದರ ಮೇಲೆ ಕಾದಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಚೆನ್ನಾಗಿ ಕಲಿಯುತ್ತದೆ ಎಂಬುದು ಈ ವಾದ. ಕೊಟ್ಟಿಗೆಯ ಪಕ್ಕ ಬೆಳೆದವರು ಹಿಗ್ಗಬಹುದು. ಆದರೆ ಇದನ್ನು ಹಿಡಿದುಕೊಂಡು ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ಕೊಳಕು ನೀರಿನ ಭೇದಿ ಅಲರ್ಜಿಗಿಂತ ದೊಡ್ಡ ಕೊಲೆಗಡುಕ.

ಕಾಂಗ್ರೆಸ್ ಕಸದ ಕಥೆ

ಎಲ್ಲ ಅಲರ್ಜಿಯೂ ನಿಮಿಷಗಳಲ್ಲಿ ಬರುವುದಿಲ್ಲ. ಎರಡನೆಯ ಬಗೆಯದಕ್ಕೆ ಐಜಿಇ ಬೇಡ. ಅದನ್ನು ನಡೆಸುವುದು ಟಿ-ಕೋಶಗಳೆಂಬ ಬಿಳಿ ರಕ್ತಕಣಗಳು. ವಸ್ತು ತಗುಲಿದ ಒಂದರಿಂದ ಮೂರು ದಿನಗಳ ನಂತರ ಚರ್ಮ ಕೆಂಪೇರಿ, ಕಡಿದು, ನೀರುಗುಳ್ಳೆಯೆದ್ದು, ಮುಂದೆ ದಪ್ಪಗಾಗಿ ಕಪ್ಪಾಗುತ್ತದೆ. ಇದಕ್ಕೆ ನಮ್ಮ ರಾಜ್ಯದಲ್ಲಿ ದೊಡ್ಡ ಉದಾಹರಣೆಯನ್ನು ನೋಡಲು ನೀವು ದೂರ ಹೋಗಬೇಕಿಲ್ಲ. ಶಾಲೆಯ ಮೈದಾನದ ಅಂಚು, ರೈಲು ಹಳಿಯ ಪಕ್ಕ, ಕೃಷ್ಣಾ ಕಾಲುವೆಯ ಏರಿ, ಬೆಳೆ ಇಲ್ಲದ ಬೀಳು ಹೊಲ ಎಲ್ಲೆಡೆ ಬಿಳಿ ಸಣ್ಣ ಹೂ ಬಿಟ್ಟು ನಿಂತಿರುವ ಪಾರ್ಥೇನಿಯಂ ಗಿಡವೇ ಅದು. ನಮ್ಮ ಕಡೆ ಕಾಂಗ್ರೆಸ್ ಕಸ ಎನ್ನುತ್ತಾರೆ. ಬಿಳಿ ಹೂಗಳು ರಾಜಕಾರಣಿಗಳ ಬಿಳಿ ಟೋಪಿಯಂತೆ ಕಂಡದ್ದರಿಂದ ಈ ಹೆಸರು ಬಂತೆಂದು ಹೇಳುವುದುಂಟು.

ಈ ಗಿಡದ ತವರು ಮೆಕ್ಸಿಕೊ ಕೊಲ್ಲಿಯ ಸುತ್ತಲಿನ ಅಮೆರಿಕ ಖಂಡದ ನಾಡು. ನಮ್ಮ ದೇಶದಲ್ಲಿ ಇದು ಕಳೆಯಾಗಿ ಜನರ ಗಮನಕ್ಕೆ ಬಂದದ್ದು 1955ರಲ್ಲಿ, ಪುಣೆಯಲ್ಲಿ. ಅಮೆರಿಕದಿಂದ ಬಂದ ಗೋಧಿಯ ಜೊತೆ ಬೀಜ ಬಂತೆಂಬುದು ಎಲ್ಲರೂ ಹೇಳುವ ಮಾತು. ಅದಕ್ಕೂ ಬಹಳ ಹಿಂದಿನ ಸಸ್ಯ ಮಾದರಿಗಳು ದೇಶದಲ್ಲಿ ಸಿಕ್ಕಿರುವುದರಿಂದ ಆ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ. ಹೇಗೇ ಬಂದಿರಲಿ, ಇಲ್ಲಿ ಅದನ್ನು ತಿನ್ನುವ ಕೀಟವಿರಲಿಲ್ಲ, ದನಗಳು ಸಾಮಾನ್ಯವಾಗಿ ಮೂಸಿ ಬಿಡುತ್ತವೆ. ಮಳೆ ಬಿದ್ದು ಮೊಳೆತ ಒಂದೂವರೆ ತಿಂಗಳೊಳಗೆ ಹೂ ಬಿಡುತ್ತದೆ. ಚೆನ್ನಾಗಿ ಬೆಳೆದ ಒಂದೇ ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು.

ಇದರ ಎಲೆ, ಕಾಂಡಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಪಾರ್ಥೆನಿನ್ ಎಂಬ ರಾಸಾಯನಿಕ ಅಲ್ಲಿ ಸಂಗ್ರಹವಾಗಿರುತ್ತದೆ. ಪಾರ್ಥೆನಿನ್ ಬಹಳ ಚಿಕ್ಕ ಅಣು. ಅದೊಂದೇ ಇದ್ದರೆ ದೇಹದ ಕಾವಲು ಪಡೆ ಅದನ್ನು ಗುರುತಿಸುತ್ತಿರಲಿಲ್ಲ. ಚರ್ಮದೊಳಗೆ ಇಳಿದು ನಮ್ಮದೇ ಪ್ರೊಟೀನಿಗೆ ಅದು ಅಂಟಿಕೊಂಡಾಗ ಆ ಪ್ರೊಟೀನು ಪರಕೀಯವಾಗಿ ಕಾಣತೊಡಗುತ್ತದೆ, ಟಿ-ಕೋಶಗಳು ದಾಳಿ ಮಾಡುತ್ತವೆ. ಗಿಡವನ್ನು ಮುಟ್ಟಲೇಬೇಕೆಂದೂ ಇಲ್ಲ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ತೇಲಿ ಬಂದು ಮುಖ, ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಯ ಮೇಲೆ ಕೂರುತ್ತದೆ. ಆದ್ದರಿಂದ ಈ ಚರ್ಮರೋಗ ಮೊದಲು ಅಂಗಿ ಮುಚ್ಚದ ಭಾಗಗಳಲ್ಲಿ ಕಾಣಿಸುತ್ತದೆ. ಹೊಲದಲ್ಲಿ ಕೆಲಸ ಮಾಡುವ ನಡುವಯಸ್ಸಿನ ಗಂಡಸರಲ್ಲಿ ಇದು ಹೆಚ್ಚು. ಮೊದಲ ಕೆಲವು ವರ್ಷ ಕೆಲವು ತಿಂಗಳು ಮಾತ್ರ ಇದ್ದು ಹೋಗುತ್ತದೆ. ಆಮೇಲೆ ವರ್ಷವಿಡೀ ಉಳಿಯುತ್ತದೆ. ಮುಖದ ಚರ್ಮ ದಪ್ಪಗಾಗಿ, ರಾತ್ರಿ ಕಡಿತದಿಂದ ನಿದ್ದೆಯಿಲ್ಲದೆ, ಬಿಸಿಲಿಗೆ ಹೋಗಲಾರದೆ ಒಕ್ಕಲುತನವನ್ನೇ ಬಿಟ್ಟವರಿದ್ದಾರೆ. ಇಂಥವರನ್ನು ಕಂಡು ‘ದೊಡ್ಡ ರೋಗ’ವೆಂದು ಹೆದರಿ ದೂರ ಕುಳಿತುಕೊಳ್ಳುವವರೂ ಇದ್ದಾರೆ. ಇದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ. ಒಂದೇ ಕೌದಿಯಲ್ಲಿ ಮಲಗಿದರೂ ಬರುವುದಿಲ್ಲ. ಈ ಒಂದು ಸಂಗತಿಯನ್ನು ನೀವು ನಿಮ್ಮ ಊರಿನಲ್ಲಿ ನಾಲ್ಕು ಜನಕ್ಕೆ ಹೇಳಿದರೆ ಯಾರೋ ಒಬ್ಬರ ಬದುಕು ಹಗುರವಾದೀತು.

ಅದೇ ಗಿಡದ ಪರಾಗವು ಮೂಗಿಗೆ ಹೋದರೆ ಮೊದಲ ಬಗೆಯ, ಅಂದರೆ ಐಜಿಇ ಬಗೆಯ ಅಲರ್ಜಿಯನ್ನೂ ತರುತ್ತದೆ. ಬೆಂಗಳೂರಿನ ಸಂಶೋಧಕರು 1991ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಲರ್ಜಿಯ ನೆಗಡಿ ಇದ್ದವರ ಪೈಕಿ ಶೇಕಡಾ 34 ಮಂದಿ ಮತ್ತು ಉಬ್ಬಸ ಇದ್ದವರ ಪೈಕಿ ಶೇಕಡಾ 12 ಮಂದಿ ಪಾರ್ಥೇನಿಯಂ ಪರಾಗದ ಚರ್ಮ ಪರೀಕ್ಷೆಗೆ ಪ್ರತಿಕ್ರಿಯೆ ತೋರಿದರು. ಒಂದೇ ಗಿಡ, ಎರಡು ದಾರಿ. ಸೇವಂತಿಗೆ, ಸೂರ್ಯಕಾಂತಿ, ಚೆಂಡುಹೂವುಗಳು ಕೂಡ ಇದೇ ಸಸ್ಯ ಕುಟುಂಬದವು. ಪಾರ್ಥೇನಿಯಂ ಒಗ್ಗದ ಕೆಲವರಿಗೆ ಸೇವಂತಿಗೆ ಹೂ ಕಟ್ಟಿದರೂ ಕೈ ಕಡಿಯುವುದು ಇದರಿಂದಲೇ.

ಕರ್ನಾಟಕ ಸರ್ಕಾರ 1975ರಲ್ಲಿಯೇ ಕಾನೂನಿನ ಮೂಲಕ ಇದನ್ನು ಅಪಾಯಕಾರಿ ಕಳೆಯೆಂದು ಘೋಷಿಸಿತು. ಕಳೆ ಕಾನೂನು ಓದುವುದಿಲ್ಲವಾದ್ದರಿಂದ, 1983ರಲ್ಲಿ ಮೆಕ್ಸಿಕೊದಿಂದ ಝೈಗೊಗ್ರಾಮ ಎಂಬ ಒಂದು ದುಂಬಿಯನ್ನು ಬೆಂಗಳೂರಿಗೆ ತರಿಸಿ, ಬೇರೆ ಬೆಳೆಗಳನ್ನು ತಿನ್ನುವುದಿಲ್ಲವೆಂದು ಪರೀಕ್ಷಿಸಿ 1984ರಲ್ಲಿ ಹೊರಗೆ ಬಿಟ್ಟರು. ಕೆನೆ ಬಣ್ಣದ ಬೆನ್ನಿನ ಮೇಲೆ ಕಂದು ಗೆರೆಗಳಿರುವ ಈ ಪುಟ್ಟ ದುಂಬಿ ಮಳೆಗಾಲದಲ್ಲಿ ಎಲೆಗಳನ್ನು ತಿಂದು ಗಿಡವನ್ನು ಬೋಳು ಮಾಡುತ್ತದೆ. ತೊಂಬತ್ತರ ದಶಕದ ಆರಂಭದಲ್ಲಿ ಸೂರ್ಯಕಾಂತಿ ಗಿಡಗಳ ಮೇಲೆ ಇದು ಕಂಡು ರೈತರಿಗೆ ಆತಂಕವಾಗಿತ್ತು. ಪರಿಶೀಲನೆಯ ನಂತರ ಆ ಭಯ ಕಡಿಮೆಯಾಯಿತು. ಬೇಸಿಗೆಯಲ್ಲಿ ದುಂಬಿ ಮಣ್ಣಿನೊಳಗೆ ನಿದ್ದೆ ಹೋಗುತ್ತದೆ, ನೀರು ಸಿಕ್ಕ ಕಡೆ ಗಿಡ ಮಾತ್ರ ಬೆಳೆಯುತ್ತಲೇ ಇರುತ್ತದೆ. ನೀರಾವರಿ ಬಂದ ನಮ್ಮ ತಾಲ್ಲೂಕುಗಳಲ್ಲಿ ಇದು ಲಕ್ಷ್ಯದಲ್ಲಿಡಬೇಕಾದ ಮಾತು.

ಶಾಲೆ ಕಾಲೇಜುಗಳಲ್ಲಿ ಶ್ರಮದಾನದ ಹೆಸರಿನಲ್ಲಿ ವಿದ್ಯಾರ್ಥಿಗಳಿಂದ ಬರಿಗೈಯಲ್ಲಿ ಈ ಗಿಡ ಕೀಳಿಸುವುದನ್ನು ನೋಡಿದ್ದೇನೆ. ಅದು ಸರಿಯಲ್ಲ. ಹೂ ಬಿಡುವ ಮೊದಲು, ನೆಲ ಹಸಿ ಇರುವಾಗ, ತುಂಬುತೋಳಿನ ಅಂಗಿ ಹಾಕಿ, ಕೈಗೆ ಗವಸು ಅಥವಾ ಪ್ಲಾಸ್ಟಿಕ್ ಚೀಲ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಬೇರುಸಹಿತ ಕೀಳಬೇಕು. ಮುಗಿದ ಮೇಲೆ ಸ್ನಾನ ಮಾಡಿ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಈಗಾಗಲೇ ಮೈ ಕಡಿಯುವವರು, ಉಬ್ಬಸ ಇರುವವರು ಈ ಕೆಲಸಕ್ಕೆ ಇಳಿಯಲೇಬಾರದು. ಒಣಗಿದ ರಾಶಿಗೆ ಬೆಂಕಿ ಹಚ್ಚಿ ಪಕ್ಕದಲ್ಲಿ ನಿಲ್ಲುವುದೂ ಬೇಡ.

ಚರ್ಮಕ್ಕೆ ತಗುಲಿ ತಡವಾಗಿ ಬರುವ ಅಲರ್ಜಿಗೆ ಬೇರೆ ಕಾರಣಗಳೂ ಉಂಟು. ಅಗ್ಗದ ಓಲೆ, ಗಡಿಯಾರದ ಪಟ್ಟಿ, ಪ್ಯಾಂಟಿನ ಗುಂಡಿಯಲ್ಲಿರುವ ನಿಕಲ್, ಕೂದಲಿಗೆ ಹಚ್ಚುವ ಕಪ್ಪು ಬಣ್ಣ, ಹಣೆಯ ಬಿಂದಿಯ ಅಂಟು, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು ಬೀಜದ ರಸ ಇವು ಕೆಲವು. ಇವೆಲ್ಲಕ್ಕಿಂತ ನಾನು ಹೆಚ್ಚು ಒತ್ತಿ ಹೇಳಬೇಕೆನ್ನುವುದು ಸಿಮೆಂಟಿನ ವಿಷಯ. ನಮ್ಮ ಜಿಲ್ಲೆಯಿಂದ ಬೆಂಗಳೂರು, ಪುಣೆ, ಹೈದರಾಬಾದಿಗೆ ಗುಳೆ ಹೋಗಿ ಕಟ್ಟಡ ಕೆಲಸ ಮಾಡುವವರ ಮನೆಯ ಮಕ್ಕಳು ಈ ಲೇಖನ ಓದುತ್ತಿರಬಹುದು. ಹಸಿ ಸಿಮೆಂಟು ಸುಣ್ಣದಂತೆ ಎಲ್ಲರ ಕೈಯನ್ನೂ ಸುಡುತ್ತದೆ. ಅದು ಘಾಟಿನ ಜಾತಿಯದು. ಆದರೆ ಸಿಮೆಂಟಿನಲ್ಲಿರುವ ಕ್ರೋಮಿಯಂ ಲವಣಕ್ಕೆ ಕೆಲವರಲ್ಲಿ ನಿಜವಾದ ಅಲರ್ಜಿ ಹುಟ್ಟಿ ಅಂಗೈ, ಮುಂಗೈ ಒಡೆದು ಸೀಳುತ್ತವೆ. ಒಮ್ಮೆ ಹುಟ್ಟಿದರೆ ಬಹಳ ವರ್ಷ ಬಿಡದು. ಯುರೋಪಿನಲ್ಲಿ 2005ರಿಂದ ಸಿಮೆಂಟಿನಲ್ಲಿ ಈ ಕ್ರೋಮಿಯಂ ಹತ್ತು ಲಕ್ಷ ಭಾಗಕ್ಕೆ ಎರಡು ಭಾಗ ಮೀರದಂತೆ ಕಾನೂನು ಮಾಡಿದ್ದಾರೆ. ನಮ್ಮ ಕೂಲಿಕಾರರಿಗೆ ಸದ್ಯಕ್ಕೆ ರಬ್ಬರ್ ಗವಸು, ಕೆಲಸ ಬಿಟ್ಟ ಕೂಡಲೆ ಕೈ ತೊಳೆಯಲು ಶುದ್ಧ ನೀರು, ಒಂದಿಷ್ಟು ಕೊಬ್ಬರಿ ಎಣ್ಣೆ ಇವಾದರೂ ಸಿಗಬೇಕು.

ಗಾಳಿ ಮತ್ತು ಕೌದಿ

ಬಳ್ಳಾರಿ ಜಾಲಿ ನಿಮಗೆಲ್ಲ ಗೊತ್ತು. 1877ರ ಸುಮಾರಿಗೆ ಉರುವಲಿಗೆಂದು ಹೊರದೇಶದಿಂದ ತಂದ ಈ ಮರ ಇಂದು ನಮ್ಮ ಹಳ್ಳ ಕೊಳ್ಳಗಳನ್ನೆಲ್ಲ ಆವರಿಸಿದೆ. ಅದರ ಹಳದಿ ಹೂಗೊಂಚಲಿನ ಪರಾಗ ಭಾರತದಲ್ಲಿ ಮೂಗಿನ ಅಲರ್ಜಿ ತರುವ ಮುಖ್ಯ ಪರಾಗಗಳಲ್ಲಿ ಒಂದು. ಹಿಂಗಾರಿ ಜೋಳ ತೆನೆಹಾಯುವಾಗ ಅದರ ಪರಾಗವೂ ಗಾಳಿಯಲ್ಲಿರುತ್ತದೆ. ತೊಗರಿ ರಾಶಿ ಮಾಡುವಾಗ ಏಳುವ ಧೂಳಿನಲ್ಲಿ ಹೊಟ್ಟಿನ ಜೊತೆ ಬೂಷ್ಟಿನ ಕಣಗಳೂ ಇರುತ್ತವೆ. ಬಣ್ಣಬಣ್ಣದ ದೊಡ್ಡ ಹೂಗಳು ಸಾಮಾನ್ಯವಾಗಿ ಇಷ್ಟು ಅಪರಾಧಿಗಳಲ್ಲ. ಅವುಗಳ ಪರಾಗ ಭಾರವಾಗಿ ಅಂಟಂಟಾಗಿರುವುದರಿಂದ ಜೇನುನೊಣದ ಕಾಲಿಗೆ ಅಂಟಿ ಹೋಗುತ್ತದೆ, ಗಾಳಿಗೆ ಹಾರುವುದು ಕಡಿಮೆ.

ಮನೆಯೊಳಗಿನ ದೊಡ್ಡ ಕಾರಣ ಧೂಳುನುಸಿ. ಮಿಲಿಮೀಟರಿನ ಮೂರರ ಒಂದು ಭಾಗದಷ್ಟೂ ಇಲ್ಲದ, ಎಂಟು ಕಾಲಿನ ಈ ಜೀವಿ ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿಂದು ಹಾಸಿಗೆ, ದಿಂಬು, ಕೌದಿಗಳಲ್ಲಿ ಬದುಕುತ್ತದೆ. ಅಲರ್ಜಿ ತರುವುದು ಮುಖ್ಯವಾಗಿ ಅದರ ಹಿಕ್ಕೆ. ಅದರಲ್ಲಿರುವ ಕಿಣ್ವಗಳು ಶ್ವಾಸನಾಳದ ಒಳಪದರವನ್ನು ಸಡಿಲಿಸಿ ತಾವೇ ದಾರಿ ಮಾಡಿಕೊಳ್ಳುತ್ತವೆ. ಧೂಳುನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನು ಹೀರಿಕೊಂಡೇ ಬದುಕಬೇಕು. ಆದ್ದರಿಂದ 40 ಡಿಗ್ರಿ ದಾಟುವ ನಮ್ಮ ಒಣ ಬೇಸಿಗೆ ಅದಕ್ಕೆ ಶತ್ರು, ಮಳೆಗಾಲ ಮಿತ್ರ. ಕೌದಿಗಳನ್ನು ಬಿಸಿಲಿಗೆ ಹರವಿ ಬಡಿಯುವ ನಮ್ಮ ಹೆಣ್ಣುಮಕ್ಕಳ ಪದ್ಧತಿಗೆ ಹೀಗೆ ಒಳ್ಳೆಯ ಆಧಾರವಿದೆ. ಆದರೆ ಬಡಿಯುವ ಕೆಲಸವನ್ನು ದಮ್ಮು ಇರುವವರಿಗೆ ಕೊಡಬೇಡಿ. ಬಟ್ಟೆಯನ್ನು ಕೈ ಇಡಲಾರದಷ್ಟು ಬಿಸಿ ನೀರಿನಲ್ಲಿ, ಅಂದರೆ 60 ಡಿಗ್ರಿಯ ಸುಮಾರಿನಲ್ಲಿ ಒಗೆದರೆ ನುಸಿ ಸಾಯುತ್ತದೆ.

ಪೇಟೆಗಳಲ್ಲಿ ಹೊಗೆ, ಧೂಳು ಸೇರಿ ಕಷ್ಟ ಇಮ್ಮಡಿಯಾಗುತ್ತದೆ. ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಬಂದ ಮಕ್ಕಳನ್ನು ಡಾ. ಎಚ್. ಪರಮೇಶ್ ಅವರು ದೀರ್ಘಕಾಲ ಗಮನಿಸಿ, ಉಬ್ಬಸದ ಪ್ರಮಾಣ 1979ರಲ್ಲಿ ಶೇಕಡಾ 9 ಇದ್ದದ್ದು 1999ಕ್ಕೆ 29.5 ಆಯಿತೆಂದು ವರದಿ ಮಾಡಿದ್ದರು. ಆಸ್ಪತ್ರೆಗೆ ಬಂದವರ ಲೆಕ್ಕವನ್ನು ಊರಿನ ಲೆಕ್ಕವೆಂದು ತಿಳಿಯಬಾರದು. ಆದರೂ ಏರಿಕೆಯ ದಿಕ್ಕು ಸ್ಪಷ್ಟ.

ಬದನೆಕಾಯಿಯ ಮೇಲಿನ ಆರೋಪ

ನಂಜು ಎಂದರೆ ನಮ್ಮವರು ಮೊದಲು ಬೆರಳು ತೋರುವುದು ಬದನೆಕಾಯಿಯ ಕಡೆಗೆ. ಎಣ್ಣೆಗಾಯಿ ಇಲ್ಲದೆ ಜೋಳದ ರೊಟ್ಟಿ ಇಳಿಯದ ನಾಡಿನಲ್ಲಿ ಇದು ಗಂಭೀರ ಆರೋಪವೇ ಸರಿ. ಮೈಸೂರಿನ ಸಂಶೋಧಕರು 741 ಜನರನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಶೇಕಡಾ 9.2 ಮಂದಿಗೆ ಬದನೆಕಾಯಿಯಿಂದ ಏನಾದರೂ ತೊಂದರೆ ಕಂಡುಬಂದಿತ್ತು. ಐಜಿಇ ಬಗೆಯ ನಿಜವಾದ ಅಲರ್ಜಿ ಇದ್ದದ್ದು ಶೇಕಡಾ 0.8 ಮಂದಿಗೆ ಮಾತ್ರ. ಉಳಿದವರು ಸುಳ್ಳು ಹೇಳಿದರೆಂದಲ್ಲ. ಬದನೆಯಲ್ಲಿಯೇ ಹಿಸ್ಟಮಿನ್ ಮೊದಲಾದ ವಸ್ತುಗಳು ಇರುವುದರಿಂದ ಬಾಯಿ ಕಡಿದೀತು. ಅದು ಘಾಟಿನ ಹಾಗೆ.

ಬೆಂಗಳೂರು, ಮೈಸೂರುಗಳ ವಯಸ್ಕರಲ್ಲಿ ನಡೆದು 2016ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನದಲ್ಲಿಯೂ ಹೀಗೆಯೇ ಕಂಡಿತು. ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಐಜಿಇ ಇದ್ದವರು ಶೇಕಡಾ 26.5. ಆ ಆಹಾರ ತಿಂದಾಗ ತೊಂದರೆಯೂ ಆಗುತ್ತದೆ ಎನ್ನಬಹುದಾದವರು ಶೇಕಡಾ 1.2 ಮಾತ್ರ. ಅಂದರೆ ರಕ್ತ ಪರೀಕ್ಷೆಯ ಚೀಟಿಯಲ್ಲಿ ಹತ್ತು ಪದಾರ್ಥಗಳ ಹೆಸರು ಬಂದ ಮಾತ್ರಕ್ಕೆ ಹತ್ತನ್ನೂ ಬಿಡಬೇಕಿಲ್ಲ. ಬೆಳೆಯುವ ಮಗುವಿಗೆ ಹಾಲು, ತತ್ತಿ, ಬೇಳೆ, ಶೇಂಗಾ ಎಲ್ಲ ಬಿಡಿಸಿ ಸೊರಗಿಸುವುದು ಅಲರ್ಜಿಗಿಂತ ಕೆಟ್ಟದ್ದು.

ಶೇಂಗಾ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಪಾಶ್ಚಾತ್ಯ ದೇಶಗಳಲ್ಲಿ ಶಾಲೆಗೆ ಶೇಂಗಾ ತರಬಾರದೆಂದು ಫಲಕ ಹಾಕುವಷ್ಟು ಅದರ ಅಲರ್ಜಿ ಹೆಚ್ಚು. ಶೇಂಗಾ ಹಿಂಡಿ ಇಲ್ಲದ ಬುತ್ತಿಯೇ ಇಲ್ಲದ ನಮ್ಮಲ್ಲಿ ಅದು ಅಪರೂಪ. ಅಲ್ಲಿ ಹಿಂದೆ ಮಕ್ಕಳಿಗೆ ಶೇಂಗಾ ತಡವಾಗಿ ಕೊಡಿ ಎನ್ನುತ್ತಿದ್ದರು. ಲಂಡನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗವು ಅಪಾಯದಲ್ಲಿದ್ದ ಶಿಶುಗಳಿಗೆ ಮೊದಲ ವರ್ಷದೊಳಗೇ ಮೆತ್ತಗೆ ಮಾಡಿದ ಶೇಂಗಾ ತಿನಿಸಿದಾಗ ಅಲರ್ಜಿ ಶೇಕಡಾ 80ರಷ್ಟು ಇಳಿಯಿತೆಂದು ತೋರಿಸಿ ಆ ಸಲಹೆಯನ್ನು ತಲೆಕೆಳಗು ಮಾಡಿತು.

ಪ್ರಾಣಕ್ಕೆ ಎರವಾಗುವಾಗ

ಫ್ರಾನ್ಸಿನ ಶಾರ್ಲ್ ರಿಷೆ ಮತ್ತು ಪೋರ್ಟಿಯೆ 1902ರಲ್ಲಿ ನಾಯಿಗಳಿಗೆ ಸಮುದ್ರಜೀವಿಯ ವಿಷವನ್ನು ಸ್ವಲ್ಪ ಸ್ವಲ್ಪ ಕೊಟ್ಟು ರಕ್ಷಣೆ ಹುಟ್ಟಿಸಲು ಹೊರಟಿದ್ದರು. ಎರಡನೆಯ ಸಣ್ಣ ಪ್ರಮಾಣಕ್ಕೇ ನಾಯಿ ಸತ್ತುಹೋಯಿತು. ರಿಷೆ ಇದನ್ನು ಅನಾಫಿಲಾಕ್ಸಿಸ್ ಎಂದು ಕರೆದರು. 1913ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಇಡೀ ದೇಹದ ಮಾಸ್ಟ್ ಕೋಶಗಳು ಒಮ್ಮೆಲೇ ಬಿಚ್ಚಿಕೊಳ್ಳುವ ಸ್ಥಿತಿ ಇದು. ಹೆಜ್ಜೇನು ಕಚ್ಚಿದ ಮೇಲೆ, ಪೆನ್ಸಿಲಿನ್‌ನಂಥ ಇಂಜೆಕ್ಷನ್ ಆದ ಮೇಲೆ, ಒಗ್ಗದ ಆಹಾರ ತಿಂದ ಮೇಲೆ ಬರಬಹುದು. ಮೈತುಂಬ ಗಾದರಿ, ತುಟಿ ನಾಲಿಗೆ ಊದುವುದು, ಧ್ವನಿ ಒಡೆಯುವುದು, ಉಸಿರು ಕಟ್ಟುವುದು, ತಲೆ ತಿರುಗಿ ಬೀಳುವುದು ಇದರ ಗುರುತು. ಆಗ ಇದಕ್ಕೆ ಮೊದಲ ಮದ್ದು ಒಂದೇ, ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಇಂಜೆಕ್ಷನ್. ಅವಿಲ್ ಗುಳಿಗೆ ನುಂಗಿಸಿ ಕಾಯುತ್ತ ಕೂರುವ ಸಮಯ ಅದಲ್ಲ. 108ಕ್ಕೆ ಕರೆ ಮಾಡಿ, ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಿ, ಉಸಿರಿಗೆ ಕಷ್ಟವಿದ್ದರೆ ಒರಗಿಸಿ ಕೂರಿಸಿ, ಹತ್ತಿರದ ಆಸ್ಪತ್ರೆಗೆ ಸಾಗಿಸಿ.

ಹೊಲದಲ್ಲಿ ಹಾವು ಕಚ್ಚಿದಾಗ ಕೊಡುವ ಪ್ರತಿವಿಷವೂ ಕುದುರೆಯ ರಕ್ತದಿಂದಲೇ ತಯಾರಾದದ್ದು. ಪಿರ್ಕೆ ಕಂಡ ಸಮಸ್ಯೆ ಇಂದಿಗೂ ಅಲ್ಲಿದೆ. ಅದರಿಂದ ಅಲರ್ಜಿ ಆಗಬಹುದೆಂಬ ಭಯಕ್ಕೆ ಆಸ್ಪತ್ರೆ ಬಿಟ್ಟು ನಾಟಿ ಔಷಧಿಗೆ ಓಡಬಾರದು. ವೈದ್ಯರು ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡೇ ಪ್ರತಿವಿಷ ಕೊಡುತ್ತಾರೆ. ಅಲರ್ಜಿಗೆ ಮದ್ದಿದೆ, ಮೈಗೇರಿದ ವಿಷಕ್ಕೆ ಪ್ರತಿವಿಷ ಬಿಟ್ಟು ಬೇರೆ ಮದ್ದಿಲ್ಲ.

ಔಷಧಿಗಳ ಬಗ್ಗೆ

ಮೆಡಿಕಲ್ ಅಂಗಡಿಯಲ್ಲಿ ಕೇಳಿದರೆ ಕಡಿತಕ್ಕೆ ಒಂದು ಟ್ಯೂಬು ಸಿಗುತ್ತದೆ. ಅದರಲ್ಲಿ ಬಹಳಷ್ಟು ಸಲ ಪ್ರಬಲ ಸ್ಟೀರಾಯ್ಡ್ ಇರುತ್ತದೆ. ಎರಡು ದಿನದಲ್ಲಿ ಆರಾಮೆನಿಸುತ್ತದೆ. ಆದರೆ ಕಡಿತಕ್ಕೆ ಕಾರಣ ಹುಳುಕಡ್ಡಿಯಾಗಿದ್ದರೆ ಅದು ಒಳಗೊಳಗೇ ಹರಡುತ್ತದೆ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣುತ್ತವೆ. ಬೆಳ್ಳಗಾಗಲೆಂದು ಇಂಥ ಕ್ರೀಮು ಹಚ್ಚಿಕೊಳ್ಳುವ ಕಾಲೇಜು ಹುಡುಗ ಹುಡುಗಿಯರು ಇದನ್ನು ಎರಡು ಸಲ ಓದಬೇಕು. ಅವಿಲ್ ಮತ್ತು ಹಳೆಯ ನೆಗಡಿ ಗುಳಿಗೆಗಳು ನಿದ್ದೆ ತರುತ್ತವೆ, ಪರೀಕ್ಷೆಯ ಬೆಳಿಗ್ಗೆ ನುಂಗುವಂಥವಲ್ಲ.

ಉಬ್ಬಸದ ಪಂಪು ಒಮ್ಮೆ ಹಿಡಿದರೆ ಚಟವಾಗುತ್ತದೆ ಎಂಬ ಮಾತು ನಮ್ಮಲ್ಲಿ ಬೇರೂರಿದೆ. ಲೆಕ್ಕ ಮಾಡಿ ನೋಡಿ. ಗುಳಿಗೆಯಲ್ಲಿ ಔಷಧಿ ಮಿಲಿಗ್ರಾಂಗಳಲ್ಲಿ ಇಡೀ ಮೈಗೆ ಹೋಗುತ್ತದೆ. ಪಂಪಿನಲ್ಲಿ ಮೈಕ್ರೊಗ್ರಾಂಗಳಲ್ಲಿ, ಅಂದರೆ ಮಿಲಿಗ್ರಾಮಿನ ಸಾವಿರದ ಒಂದು ಭಾಗದ ಅಳತೆಯಲ್ಲಿ, ನೇರವಾಗಿ ಶ್ವಾಸನಾಳಕ್ಕೆ ಹೋಗುತ್ತದೆ. ಮೃಗಶಿರ ಮಳೆ ಕೂಡುವ ದಿನ ಹೈದರಾಬಾದಿನಲ್ಲಿ ಜೀವಂತ ಮೀನಿನ ಬಾಯಲ್ಲಿಟ್ಟು ನುಂಗಿಸುವ ಔಷಧಿಗಾಗಿ ನಮ್ಮ ಕಡೆಯಿಂದಲೂ ಜನ ರೈಲು ಹತ್ತುತ್ತಾರೆ. ಅದರಿಂದ ಉಬ್ಬಸ ವಾಸಿಯಾಗುತ್ತದೆಂಬುದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. ಹೋಗುವವರನ್ನು ನೀವು ತಡೆಯಲಾರಿರಿ, ಆದರೆ ಅವರ ಕಿಸೆಯಲ್ಲಿ ಪಂಪು ಇರುವಂತೆ ನೋಡಿಕೊಳ್ಳಬಹುದು.

ಕಾರಣ ಖಚಿತವಾಗಬೇಕಾದರೆ ಎರಡು ಬಗೆಯ ಪರೀಕ್ಷೆಗಳಿವೆ. ಸೀನು, ಉಬ್ಬಸಗಳಿಗೆ ಮುಂಗೈ ಮೇಲೆ ಒಂದೊಂದು ಹನಿ ಸಾರ ಇಟ್ಟು ಸೂಜಿಯಿಂದ ಚುಚ್ಚಿ ಹದಿನೈದು ಇಪ್ಪತ್ತು ನಿಮಿಷದಲ್ಲಿ ನೋಡುತ್ತಾರೆ. ಚರ್ಮದ ತಡವಾದ ಅಲರ್ಜಿಗೆ ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ. ಭಾರತದಲ್ಲಿ ಬಳಸುವ ಪಟ್ಟಿಗಳ ಸಾಲಿನಲ್ಲಿ ಪಾರ್ಥೇನಿಯಂ ಕೂಡ ಇದೆ. ಮೊದಲನೆಯ ಬಗೆಯದಕ್ಕೆ, ಪರಾಗ ಅಥವಾ ಧೂಳುನುಸಿಯ ಸಾರವನ್ನು ಅತಿ ಸಣ್ಣ ಪ್ರಮಾಣದಿಂದ ಆರಂಭಿಸಿ ಏರಿಸುತ್ತ ದೇಹಕ್ಕೆ ರೂಢಿ ಮಾಡಿಸುವ ಚಿಕಿತ್ಸೆಯೂ ಉಂಟು. 1911ರಲ್ಲಿ ಲಂಡನ್ನಿನ ಲೆನಾರ್ಡ್ ನೂನ್ ಹುಲ್ಲಿನ ಪರಾಗದಿಂದ ಇದನ್ನು ಆರಂಭಿಸಿದರು. ಮೂರರಿಂದ ಐದು ವರ್ಷ ಹಿಡಿಯುತ್ತದೆ, ತಜ್ಞರ ಕಣ್ಣೆದುರೇ ಚುಚ್ಚಿಸಿಕೊಳ್ಳಬೇಕು. ಚರ್ಮ ಚುಚ್ಚುವ ಪರೀಕ್ಷೆಗೆ ಹೋಗುವವರು ಕೆಲವು ದಿನ ಮೊದಲೇ ಅಲರ್ಜಿ ಗುಳಿಗೆಯನ್ನು ನಿಲ್ಲಿಸಬೇಕು. ಯಾವುದನ್ನು, ಎಷ್ಟು ದಿನ ಎಂಬುದನ್ನು ವೈದ್ಯರಿಂದಲೇ ಕೇಳಿ ಬರೆದುಕೊಳ್ಳಿ. ಉಬ್ಬಸದ ಪಂಪನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.